ಪೋಚ್

ನಾಲಾಸೊಪಾರದ ಈ ವೃದ್ಧಾಶ್ರಮದಲ್ಲಿ
ನನ್ನ ಪಕ್ಕದ ಮಂಚ ವಾರಿಜಾ ಕಾಂಚನ್‌ಳದು.
ವಸಯಿ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಟೈಪಿಸ್ಟು;
ಈಗಲೂ ನಿದ್ದೆಯಲ್ಲಿ ಬೆರಳುಗಳು ಚಾದರ ಕುಟ್ಟುತ್ತವೆ.

ಇಲ್ಲಿ ಕಾಗದ ಬಂದರೆ ಒಡೆದೇ ಬರುತ್ತದೆ.
ಫೋನು ಮ್ಯಾನೇಜರ್ ಸಾವಂತರ ಡ್ರಾಯರಿನಲ್ಲಿ,
ಭಾನುವಾರ ಹತ್ತು ನಿಮಿಷ, ಅವರೆದುರೇ.
"ನಿಮ್ಮ ಒಳ್ಳೇದಕ್ಕೇ, ಆಜೀ."
ನಾವೆಲ್ಲ ತಲೆಯಾಡಿಸಿ ಸಪ್ಪೆ ವರಣ ಉಂಡೆವು.

ಅವಳು ಉಣ್ಣಲಿಲ್ಲ.
ಕ್ಯಾಲೆಂಡರಿನ ಹರಿದ ತಿಂಗಳ ಬೆನ್ನಿಗೆ
ಮರಾಠಿಯಲ್ಲಿ, ಅಂಚು ಬಿಟ್ಟು, ಎರಡು ಪ್ರತಿ ಬರೆದಳು:
ನನ್ನ ಕಪಾಟಿನ ಕೀಲಿ ನನ್ನ ಹತ್ತಿರವಿರಬೇಕು.
ನನ್ನ ಕಾಗದ ನಾನೇ ಒಡೆಯಬೇಕು.
ಬಚ್ಚಲಿಗೆ ಒಳಗಿನಿಂದ ಚಿಲಕ ಬೇಕು.
ಕೊನೆಗೆ: ಎರಡನೇ ಪ್ರತಿಗೆ ಸಹಿ ಹಾಕಿ ಪೋಚ್ ಕೊಡಿ.

"ನೀನೂ ಹಾಕು, ಸುಂದರಕ್ಕಾ" ಎಂದಳು.
ನನ್ನ ಕೈ ಮುಂದೆ ಬರಲಿಲ್ಲ.

ಕುರ್ಲಾದಲ್ಲಿ ನನ್ನದೂ ಒಂದು ಬೋರ್ಡಿಂಗ್ ಇತ್ತು,
ಹೋಟೆಲ್ ಹುಡುಗರಿಗೆ; ಕೋಣೆಗೆ ಹನ್ನೊಂದು ಚಾಪೆ.
ಹತ್ತರ ಮೇಲೆ ಬಾಗಿಲು ತೆಗೆಯುವುದಿಲ್ಲ ಅಂತ
ಕೆಂಪು ಬಣ್ಣದಲ್ಲಿ ನಾನೇ ಬರೆಸಿದ್ದು.
ಜ್ವರದ ಹುಡುಗನೊಬ್ಬ, ಹೆಸರು ನೆನಪಿಲ್ಲ,
ಸೆಕೆಂಡ್ ಶೋ ಅಲ್ಲಮ್ಮಾ, ಆಸ್ಪತ್ರೆ, ಅನ್ನುತ್ತ
ಮೆಟ್ಟಿಲಲ್ಲೇ ಬೆಳಗು ಮಾಡಿದ.
ಆ ತಿಂಗಳ ಬಾಡಿಗೆಯನ್ನೂ ಬಿಡಲಿಲ್ಲ ನಾನು.
ರಸೀದಿ ಕೇಳಿದ್ದ. ನಕ್ಕಿದ್ದೆ.

ಸಹಿ ಹಾಕಿದೆ,
ಅವಳ ಹೆಸರಿನ ಕೆಳಗೆ, ಸೊಟ್ಟಗೆ.

ಸಾವಂತರು ಓದಿದರು, ಮಡಿಸಿದರು, ಜೇಬಿಗಿಟ್ಟರು.
ವಾರಿಜಾ ಎರಡನೇ ಪ್ರತಿ ಹಿಡಿದು
ಮೇಜಿನ ಮುಂದೆ ನಿಂತೇ ಇದ್ದಳು.
ಊಟದ ಗಂಟೆ ಬಾರಿಸಿತು.
ಅವಳ ಮೊಣಕಾಲಿಗೆ ಆಗದೆಂದು
ಒಂದು ಕುರ್ಚಿ ಎಳೆದೆ,
ನನಗೂ ಒಂದು.