ಮಾರ್ಚ್ ಮೂವತ್ತೊಂದರೊಳಗೆ

ಬಿಳಿಕಿತ್ತಳೆ ಕಿತ್ತಳೆ, ಬಿಳಿಹಸಿರು ನೀಲಿ,
ಬಿಳಿನೀಲಿ ಹಸಿರು, ಬಿಳಿಕಂದು ಕಂದು.
ಎಸ್.ಪಿ. ರೋಡಿನ ಅಂಗಡಿಯೊಂದರ ಅಟ್ಟದ ಮೇಲೆ
ಇಪ್ಪತ್ತೊಂದು ವರ್ಷದ ಕೆಳಗೆ ಕಲಿತ ಮಗ್ಗಿ ಇದು.
ಮೊದಲು ಬೆರಳಿಗೆ ಬಂತು, ಆಮೇಲೆ ಬಾಯಿಗೆ.
ಈಗ ನಿದ್ದೆಯಲ್ಲೂ ತಪ್ಪುವುದಿಲ್ಲ.

ಕಾಗದ ಮಾತ್ರ ತಪ್ಪುತ್ತದೆ.
ನನ್ನ ಸರ್ಟಿಫಿಕೇಟಿನ ಅಡಿಯಲ್ಲಿ, ಸಣ್ಣಕ್ಷರದಲ್ಲಿ,
ಹಾಲಿನ ಪ್ಯಾಕೆಟ್ಟಿಗೆ ಒತ್ತಿದ ಹಾಗೆ ಒಂದು ತಾರೀಖು.
ವಿದ್ಯೆ ಕಳ್ಳರು ಕದಿಯಲಾಗದ ಧನ ಎಂದಿದ್ದರು
ಶ್ರೀರಾಮಪುರದ ಶಾಲೆಯಲ್ಲಿ ಲೂಸಿ ಟೀಚರು.
ಹಳಸುತ್ತದೆ ಎಂದು ಹೇಳಿರಲಿಲ್ಲ.

"ಶುಕ್ರವಾರದೊಳಗೆ ಹೇಳಿ ಮೇಡಂ," ಎಂದರು ಉತ್ತಯ್ಯ,
"ಒಂದಕ್ಕೆ ಮಾತ್ರ ಕಂಪನಿ ದುಡ್ಡು. ಅದೂ ಪಾಸಾದರೆ."
ಫೇಲಾದರೆ ಇಪ್ಪತ್ತೆಂಟು ಸಾವಿರ ನನ್ನದೇ,
ಹೆಚ್ಚುಕಡಿಮೆ ಮಗಳ ಒಂದು ಟರ್ಮು.

ಇದ್ದ ದಾರಿಯಲ್ಲೇ ಇನ್ನೊಂದು ಮೆಟ್ಟಿಲು ಹತ್ತಬಹುದು:
ರೂಟಿಂಗು, ಸ್ವಿಚಿಂಗು, ಕಣ್ಣು ಕಟ್ಟಿದರೂ ನಡೆಯಬಲ್ಲೆ.
ಇಲ್ಲ, ಸೆಕ್ಯುರಿಟಿ.
ಆ ಪದ ಕಿವಿಗೆ ಬಿದ್ದಾಗಲೆಲ್ಲ ನಮ್ಮತ್ತೆಗೆ
ನೀಲಿ ಯೂನಿಫಾರಂ ತೊಟ್ಟು ಗೇಟಿನಲ್ಲಿ ಕೂತ
ನಾನು ಕಾಣುತ್ತೇನೆ.

"ಕ್ಲೌಡಿಗೆ ಬನ್ನಿ ಅಕ್ಕಾ, ಕೇಬಲ್ ಕಾಲ ಮುಗೀತು,"
ಅನ್ನುತ್ತಾನೆ ನೌಶಾದ್, ಇಪ್ಪತ್ನಾಲ್ಕಕ್ಕೇ ಮೂರು ಬ್ಯಾಡ್ಜಿನವನು.
ಮುಗಿದಿಲ್ಲ ಕಣೋ. ಆ ಮೋಡದೊಳಗೆ ಹೋಗಿ ಬಂದವಳು ನಾನು.
ವೈಟ್‌ಫೀಲ್ಡಿನ ಹಿಂದೆ ಕಿಟಕಿಯಿಲ್ಲದ ಕಟ್ಟಡ,
ಗೇಟಿನ ಮುಂದೆ ನೀರಿನ ಟ್ಯಾಂಕರುಗಳ ಸಾಲು,
ಹೊರಗೆ ಡೀಸೆಲ್ ವಾಸನೆ, ಒಳಗೆ ಸ್ವೆಟರಿನ ಚಳಿ,
ಮತ್ತೆ ಕಂತೆಕಂತೆ ಕೇಬಲ್ಲು.
ಈ ಮೋಡ ನೀರು ಕುಡಿಯುತ್ತದೆ, ಸುರಿಸುವುದಿಲ್ಲ.

ಆದರೂ ಅವನದು ಪೂರಾ ಸುಳ್ಳಲ್ಲ.
ದಾಕ್ಷಾಯಿಣಿಯ ಕುರ್ಚಿಯ ಮೇಲೆ ಈಗ
ಯಾರದೋ ಬ್ಯಾಗು ಕೂತಿರುತ್ತದೆ.

ನೇರಳೆ ಮೆಟ್ರೋದಲ್ಲಿ ನಿಂತೇ ಮಾದರಿ ಪ್ರಶ್ನೆ ಓದುತ್ತೇನೆ:
ಕೆಳಗಿನವುಗಳಲ್ಲಿ ಅತ್ಯಂತ ಸೂಕ್ತ ಉತ್ತರ ಯಾವುದು?
ನಾಲ್ಕೂ ಸರಿ. ಒಂದು ಹೆಚ್ಚು ಸರಿ.
ಆ 'ಹೆಚ್ಚು' ಎಲ್ಲಡಗಿದೆ ಎಂದು ಹುಡುಕುತ್ತ
ಮೆಜೆಸ್ಟಿಕ್ಕಿನಲ್ಲಿ ಇಳಿಯುವುದು ಮರೆತು
ಮಾಗಡಿ ರೋಡಿಗೆ ಹೋಗಿದ್ದೇನೆ, ಎರಡು ಸಲ.

ಹಿಂದಿನ ಪರೀಕ್ಷೆಯ ದಿನ
ವಾಚು, ಓಲೆ, ಕರ್ಚೀಫು ಲಾಕರಿಗೆ ಹೋದವು.
ಬಳೆ ಬರಲಿಲ್ಲ. ತಂಗಿಯ ಮದುವೆಗೆ ತೊಟ್ಟ ಹಸಿರು ಗಾಜು.
ನಿಯಮ ಅಂದರೆ ನಿಯಮ ಎನ್ನುತ್ತಲೇ ಆ ಹುಡುಗಿ
ಸೋಪು ತಂದಳು. ನಲ್ಲಿಯ ಮುಂದೆ ಇಬ್ಬರೂ
ಬಾಣಂತಿ ಸೂಲಗಿತ್ತಿಯರ ಹಾಗೆ ಹೆಣಗಿದೆವು.
ಒಂದು ಒಡೆಯಿತು.
ಗೀರು ಉರಿಯುತ್ತಿದ್ದ ಕೈಯಲ್ಲೇ ಪಾಸಾದೆ.

ಗುರುವಾರ ರಾತ್ರಿ ಹನ್ನೊಂದು.
ಪರದೆಯ ಮೇಲೆ ಅರ್ಜಿ, ಮೂರು ಖಾಲಿ ಸೊನ್ನೆ.
ಫೋನು. ನೈಟ್ ಶಿಫ್ಟಿನ ನೌಶಾದ್, ಗಂಟಲು ತಗ್ಗಿಸಿ:
"ಅಕ್ಕಾ, ಐದನೇ ಫ್ಲೋರ್ ಡೌನು. ಇಲಿ ಕಡಿದಿದೆ.
ಬಿಳಿಹಸಿರಿನ ಆಮೇಲೆ ಹಸಿರಾ, ನೀಲಿಯಾ?"
ನಗು ನುಂಗಿಕೊಂಡು ಶುರುಮಾಡಿದೆ,
ಬಿಳಿಕಿತ್ತಳೆ ಕಿತ್ತಳೆ, ಬಿಳಿಹಸಿರು ನೀಲಿ...
ಆಚೆ ಕೋಣೆಯಿಂದ, ಮುಸುಕಿನೊಳಗಿಂದ ಮಗಳು
"ಬಿಳಿಕಂದು ಕಂದು" ಎಂದು ಮುಗಿಸಿ
ಮಗ್ಗುಲು ಬದಲಿಸಿದಳು.

"ಲೈಟ್ ಬಂತು ಅಕ್ಕಾ."
ಸರಿ, ಇಡಪ್ಪ.
ಮೂರನೆಯ ಸೊನ್ನೆಯನ್ನು ಒತ್ತಿದೆ. ತುಂಬಿಕೊಂಡಿತು.
ಶನಿವಾರ, ಬೆಳಿಗ್ಗೆ ಎಂಟು, ಜಯನಗರ.
ಎದ್ದು ನಲ್ಲಿ ತಿರುಗಿಸಿದೆ.
ಬಳೆ ಈಗಲೇ ತೆಗೆದಿಟ್ಟುಕೊಳ್ಳಬೇಕು.