ತೂಕದ ಕೊಕ್ಕೆ

ಮಂದಲ್‌ಗೋವಿಯ ಸಂತೆಬೀದಿಯಲ್ಲಿ ನನ್ನದೊಂದು
ಕಬ್ಬಿಣದ ಕಂಟೇನರ್ ಅಂಗಡಿ:
ಟಾರ್ಚು, ಹಗ್ಗ, ಬೀಗ, ಮೋಟಾರ್‌ಸೈಕಲ್ಲಿನ ಟ್ಯೂಬು,
ಮೊಳೆಗೆ ಜೋತುಬಿದ್ದ ಐದು ಡಿಜಿಟಲ್ ತೂಕದ ಕೊಕ್ಕೆ.
ಮೇಕೆ ಬಾಚುವ ತಿಂಗಳು ಬಂತೆಂದರೆ
ಕೊಕ್ಕೆಗೇ ಗಿರಾಕಿ.

ಬಂದವರು ಕೇಳುವುದು ಎರಡೇ ಮಾತು:
ಎಷ್ಟು ಕಿಲೋ ತಡೆಯುತ್ತೆ, ಎಷ್ಟು ತುಗ್ರಿಕ್.
ದೋಲ್ಗೊರ್ ಎರಡನ್ನೂ ಕೇಳಲಿಲ್ಲ.
ಚೀಲದಿಂದ ಒಂದೊಂದೇ ತೆಗೆದಳು:
ಖಾಲಿ ಬಾಟಲಿ, ತುಂಬಿದ ಬಾಟಲಿ,
ಹಸಿರು ದಾರ ಬಿಗಿದ ಒಂದು ಕಲ್ಲು.
ಆಸ್ಪತ್ರೆಯ ಅಳತೆ ಜಾಡಿಯಲ್ಲಿ ಮೊಮ್ಮಗಳು
ಅಳೆದು ತುಂಬಿದ ಒಂದು ಲೀಟರ್ ನೀರು,
ದಾರಿಯಲ್ಲಿ ಅರ್ಧ ಮಂಜಾಗಿ ಬಾಟಲಿಯ ಹೊಟ್ಟೆ ಉಬ್ಬಿತ್ತು.
"ಹೆಪ್ಪುಗಟ್ಟಿದರೂ ನೀರು ತೂಕ ಬಿಟ್ಟುಕೊಡಲ್ಲ" ಅಂದಳು,
ನಾನು ಕೇಳದಿದ್ದರೂ.

ಖಾಲಿಯದನ್ನು ತೂಗುಹಾಕಿ ಗುಂಡಿ ಒತ್ತಿ ಸೊನ್ನೆ ಮಾಡಿದಳು.
ಆಮೇಲೆ ತುಂಬಿದ್ದು.
ಇಳಿಸಿ, ಮತ್ತೆ ಏರಿಸಿ, ಮತ್ತೆ.
ಮೊದಲನೆಯದು ಸಾವಿರ ಅಂದಿತು,
ಒಂಬೈನೂರ ಎಪ್ಪತ್ತು ಅಂದಿತು, ಸಾವಿರದ ಇಪ್ಪತ್ತು ಅಂದಿತು.
"ಇದು ಕುಡಿದಿದೆ" ಎಂದು ಬದಿಗಿಟ್ಟಳು.
ಎರಡನೆಯದು ನೀರಿಗೆ ಸರಿ, ಕಲ್ಲಿಗೆ ತಪ್ಪು.
(ಕಲ್ಲು ಆರು ಕಿಲೋ ಇನ್ನೂರ ನಲವತ್ತು;
ಅಂಚೆ ಕಚೇರಿಯಲ್ಲಿ ತೂಗಿಸಿ ಚೀಟಿ ಬರೆಸಿಕೊಂಡಿದ್ದಳು.)
ಮೂರನೆಯದಕ್ಕೆ ದೊಡ್ಡ ಪರದೆ, ನೀಲಿ ಬೆಳಕು,
ಅದನ್ನು ನಾನೇ ಹೊಗಳಿದೆ.
ನನ್ನ ಚಹಾ ಚಮಚ ಎತ್ತಿ ಕಲ್ಲಿನ ದಾರಕ್ಕೆ ಸಿಕ್ಕಿಸಿದಳು.
ಅಂಕಿ ಅಲುಗಲಿಲ್ಲ.
"ಐವತ್ತೈವತ್ತು ಗ್ರಾಮಿನ ಮೆಟ್ಟಿಲು ಇದರದ್ದು,
ನನ್ನ ಉಣ್ಣೆ ಅಷ್ಟೆತ್ತರ ಕಾಲೆತ್ತಲ್ಲ."

ಉಳಿದೆರಡನ್ನು ಹೊರಗೆ ಗಾಳಿಯಲ್ಲಿ ಕೂರಿಸಿ ಬಂದಳು, ಅರ್ಧ ಗಂಟೆ.
"ಅವನ ಜೀಪು ಬರೋದು ಬೆಳಗಿನ ಚಳಿಗೆ,
ನಿನ್ನ ಒಲೆಯ ಪಕ್ಕ ಅಲ್ಲವಲ್ಲ."
ಉಪ್ಪು ಚಹಾ ಬಗ್ಗಿಸಿದೆ. ಕುಡಿಯುತ್ತ ಹೇಳಿದಳು:
ಹೋದ ವರ್ಷ ನೂರೆಂಬತ್ತು ಮೇಕೆ,
ಪುರೆವ್‌ಜಾವ್‌ನ ಕೊಕ್ಕೆಯಲ್ಲಿ ಐವತ್ತೊಂದು ಕಿಲೋ.
"ನನ್ನ ತೋಳು ಐವತ್ತನಾಲ್ಕು ಅಂತಿತ್ತು.
ತೋಳಿಗೆ ಪರದೆ ಇಲ್ಲವಲ್ಲ ತಮ್ಮಾ, ಯಾರಿಗೆ ತೋರಿಸಲಿ?"

ನಾನು ಚಹಾ ಊದಿದೆ. ಆಗಲೇ ಆರಿತ್ತು ಅದು.
ಎರಡು ವರ್ಷದ ಕೆಳಗೆ ಪುರೆವ್‌ಜಾವ್
ಇದೇ ಹಲಗೆಯ ಮುಂದೆ ನಿಂತು
ಹೀಗೇ ಇಳಿಸಿ ಏರಿಸಿ ಮೂರು ಸಲ ತೂಗಿದ್ದ.
ಅವನೂ ಬಾಟಲಿ ತಂದಿದ್ದ.
ಸರಿಯಾದವನ್ನೆಲ್ಲ ಮೊಳೆಗೆ ವಾಪಸು ಹಾಕಿ
ಮೂರೂ ಸಲ ಒಂಬೈನೂರ ನಲವತ್ತು ಅಂದದ್ದನ್ನು ಆರಿಸಿಕೊಂಡ.
ಕೆಟ್ಟದ್ದು, ಅರ್ಧ ಬೆಲೆ ಸಾಕು ಅಂದೆ.
ಪೂರ್ತಿ ಕೊಟ್ಟ, ಮೇಲೆ ಐದು ಸಾವಿರ.
ಎಣಿಸಿಕೊಂಡೆ.

ನಾಲ್ಕನೆಯದು ಚಳಿಗೆ ಮಂಕಾಗಿ ಅರ್ಧ ಅಂಕಿ ನುಂಗಿತ್ತು.
ಐದನೆಯದನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿದಳು
(ಕೈಯಲ್ಲಿ ಹಿಡಿದರೆ ಕೈಯ ನಡುಕವೂ ತೂಗುತ್ತೆ, ಅಂದಳು)
ಸಾವಿರ. ಸಾವಿರ. ಸಾವಿರದ ಐದು.
"ಇರಲಿ. ಐದು ಗ್ರಾಮು ಗಾಳಿಯದ್ದು."
ಬೆಲೆ ಚೌಕಾಶಿ ಮಾಡಿದಳು, ಚೆನ್ನಾಗಿಯೇ ಮಾಡಿದಳು.
ನಾನು ಎರಡು ಬ್ಯಾಟರಿ ಪುಕ್ಕಟೆ ಸೇರಿಸಿದೆ.
"ಇದ್ಯಾಕೆ?"
"ಚಳಿಗೆ" ಅಂದೆ.
ಅದೂ ಸುಳ್ಳಲ್ಲ.

ಮೇ ಕೊನೆಯಲ್ಲಿ ಪುರೆವ್‌ಜಾವ್ ಬಂದ,
ಟೈರಿನ ಧೂಳು ಇನ್ನೂ ಅಡಗಿರಲಿಲ್ಲ,
ಕೊಕ್ಕೆಯನ್ನು ಹಲಗೆಯ ಮೇಲೆ ಎಸೆದ.
"ಕೆಟ್ಟಿದೆ ನಿನ್ನ ಮಾಲು.
ಆ ಮುದುಕಿಯ ಕೊಕ್ಕೆ ಈಗ ಎಂಟು ಗುಡಾರ ಸುತ್ತಿದೆ."
ಹಲಗೆಯ ಕೆಳಗೆ ಈಗ ನನ್ನದೂ ಒಂದು ಬಾಟಲಿ ಇರುತ್ತದೆ.
ತೆಗೆದು ತೂಗಿದೆ. ಮೂರು ಸಲ.
"ಕೆಟ್ಟಿಲ್ಲ" ಅಂದೆ, "ಕೊಂಡ ದಿನ ಹೇಗಿತ್ತೋ ಹಾಗೇ ಇದೆ."

ಬಹಳ ಹೊತ್ತು ನಿಂತಿದ್ದ. ಟಾರ್ಚು ನೋಡಿದ, ಬೀಗ ನೋಡಿದ.
ಕೊನೆಗೆ ಕೇಳಿದ: ಬೇರೆ ಇದೆಯಾ?
ಬೆಲೆ ಹೇಳುವ ಮೊದಲು
ಬಾಟಲಿಯನ್ನು ಅವನ ಕೈಗೆ ಕೊಟ್ಟೆ.