ಕಾಲೂರುವ ಕಲ್ಲು

ನೌಕಾನೆಲೆಯ ಹುಡುಗ, ವಿಶಾಖಪಟ್ಟಣಕ್ಕೆ ವರ್ಗವಾದವನು,
ಹದಿನೆಂಟು ಸಾವಿರಕ್ಕೆ ಕೊಟ್ಟು ಹೋದ.
ಟ್ಯಾಂಕಿನ ಮೇಲಿನ ಲಂಗರಿನ ಸ್ಟಿಕ್ಕರ್
ಕೆರೆದರೆ ಬಣ್ಣವೂ ಎದ್ದು ಬರುತ್ತದೆಂದು ಹಾಗೇ ಬಿಟ್ಟೆ.
ನೂರೈವತ್ತು ಸಿಸಿ, ಉದ್ದ ಕಾಲು, ಕಿರಿದು ಸೊಂಟ,
ಡಾಂಬರಿಗೂ ಸೈ, ಕೆಸರಿಗೂ ಸೈ ಎನ್ನುವ ಜಾತಿ.
ಕಂಪನಿ ಇದನ್ನು ಮರೆತು ವರ್ಷ ಎಷ್ಟೋ ಆಯಿತು;
ಬಿಡಿಭಾಗ ಕೇಳಿದರೆ ಅಂಗಡಿಯವನು
ಸತ್ತವರ ವಿಳಾಸ ಕೇಳಿದಂತೆ ನೋಡುತ್ತಾನೆ.

ನನ್ನ ಕೆಲಸ ಬಾವಿಗಳ ರುಚಿ ನೋಡುವುದು,
ನಾಲಿಗೆಯಿಂದಲ್ಲ, ಬಾಟಲಿಯಿಂದ.
ಮಾಜಾಳಿ, ಅಮದಳ್ಳಿ, ಹಣಕೋಣ, ಗೋಟೆಗಾಳಿ,
ಗಜನಿಯ ಕಟ್ಟೆ ಒಡೆದು ಹೊಳೆಗೆ ಹೊಳೆಯೇ ಒಳಬಂದ ಕಡೆ
ಹನ್ನೆರಡು ಬಾಟಲಿ ತುಂಬಿ, ಮಂಜಿನ ಡಬ್ಬಿಗಿಟ್ಟು,
ಹೊತ್ತು ಮುಳುಗುವ ಮೊದಲು ಕಾರವಾರದ ಲ್ಯಾಬಿಗೆ.
ಎಷ್ಟು ಉಪ್ಪು ಎಂದು ಬರೆದು ಕೆಳಗೆ ಸಹಿ.

ಅದೇ ಉಪ್ಪು ರಾತ್ರಿಯೆಲ್ಲ
ಕೋಡಿಬಾಗದ ನನ್ನ ಅಂಗಳದಲ್ಲಿ ಕೂತು
ಗಾಡಿ ತಿನ್ನುತ್ತದೆ. ಅದಕ್ಕೆ ಸಹಿ ಹಾಕುವವರಿಲ್ಲ.
ಚಕ್ರದ ಕಡ್ಡಿ ಕಡ್ಡಿಗೂ ಕೆಂಪು,
ಸೈಲೆನ್ಸರಿನ ಹೊಟ್ಟೆಯಲ್ಲಿ ಕಿರುಬೆರಳು ತೂರುವ ತೂತು.

ಟ್ಯಾಂಕಿನೊಳಗೆ ಟಾರ್ಚು ಬಿಟ್ಟು ನೋಡಿದೆ:
ಬೆಲ್ಲದ ಅಚ್ಚಿನ ತಳದಂತೆ ತುಕ್ಕು.
ಮಡಗಾಂವದಿಂದ ತೆಂಗಿನ ವಿನೆಗರ್, ನಾಲ್ಕು ಬಾಟಲಿ,
ಒಂದು ಮುಷ್ಟಿ ಹಳೇ ನಟ್ಟು,
ಮಗುವನ್ನು ಎತ್ತಿ ಆಡಿಸಿದಂತೆ ಎರಡು ದಿನ ಕುಲುಕಿದೆ.
ಪಕ್ಕದ ಮನೆಯ ಎಸ್ಪೆರಾನ್ಸ್ ಬಾಯಿ
ಬೇಲಿಯ ಮೇಲಿಂದ ಮೂಗೇರಿಸಿ ಕೇಳಿದಳು,
‘ಉಪ್ಪಿನಕಾಯಿ ಹಾಕ್ತಿದ್ದೀಯೇನೇ?’

ಬೈತಖೋಲದ ಬಾಬ್ನಿ ಹರಿಕಂತ್ರ
ದೋಣಿಯ ಡೀಸೆಲ್ ಎಂಜಿನ್ ಬಿಚ್ಚುವ ಕೈಯವನು.
ಇದನ್ನು ಮೊದಲ ಸಲ ಕೇಳಿ ನಕ್ಕ:
‘ಎಂಜಿನ್ನೋ ಹೊಲಿಗೆ ಮಷಿನ್ನೋ ಮಾರಾಯ್ತಿ?’
ನಕ್ಕವನೇ ಕುಕ್ಕರಗಾಲಲ್ಲಿ ಕೂತು ಸಂಜೆ ಮಾಡಿದ.
ಒಡೆದ ದೋಣಿಯ ತಗಡು ಕತ್ತರಿಸಿ
ಎಂಜಿನ್ನಿನ ಕೆಳಗೊಂದು ಎದೆಕವಚ.
ಮುಂದಿನ ಸ್ಪ್ರಾಕೆಟ್ಟಿಗೆ ಒಂದು ಹಲ್ಲು ಕಮ್ಮಿ;
ಗೋಟೆಗಾಳಿಯ ಏರಿನಲ್ಲಿ ಈಗ ಏದುಸಿರಿಲ್ಲ,
ಹೆದ್ದಾರಿಯಲ್ಲಿ ಲಾರಿಗಳು ಬೈದುಕೊಂಡು ಹೋಗುತ್ತವೆ, ಹೋಗಲಿ.
ಹಿಂದಿನ ಶಾಕ್ ಸತ್ತಿತ್ತು. ಬೇರೆ ಯಾವುದೋ ಗಾಡಿಯದು,
ಒಂದೂವರೆ ಇಂಚು ಉದ್ದದ್ದು, ಬೆಸುಗೆ ಹಾಕಿ ಕೂರಿಸಿದ.

ಗಾಡಿ ಎತ್ತರವಾಯಿತು. ನಾನು ಆಗಲಿಲ್ಲ.

ಓಡುವಾಗ ಏನೂ ಇಲ್ಲ,
ಹೊಂಡಗಳು ಯಾರದೋ ಮನೆಯ ಜಗಳದಂತೆ ಕೆಳಗೆಲ್ಲೋ.
ನಿಲ್ಲುವಾಗ ನೆಲ ಸಿಗುವುದಿಲ್ಲ.
ಅಮದಳ್ಳಿಯ ಬಾವಿಯ ಬಳಿ ಕಾಲು ಚಾಚಿದೆ, ಚಾಚಿದೆ,
ಮರ ಬೀಳುವಷ್ಟು ನಿಧಾನಕ್ಕೆ ಬಿದ್ದೆ.
ಗಾಜು ಒಡೆದ ಸದ್ದು. ಮಂಜು ಹುಲ್ಲಿನ ಮೇಲೆ.
ಕ್ಲಚ್ ಲಿವರ್ ಬಾಗಿ ಪ್ರಶ್ನೆ ಕೇಳುತ್ತಿತ್ತು.

ಕೊಡ ಇಳಿಸಿ ಬಂದ ಬುದ್ವಂತಿ ಗೌಡ
ಮೊದಲು ಗಾಡಿ ಎತ್ತಿದಳು, ಆಮೇಲೆ ನನ್ನನ್ನು.
ಒಂದು ಮಾತೂ ಆಡದೆ ಗೋಡೆಯ ಬುಡದಿಂದ
ಚಿರೆಕಲ್ಲೊಂದನ್ನು ಉರುಳಿಸಿ ತಂದು
ಬಾವಿಯ ಎಡಕ್ಕೆ ಕೂರಿಸಿ, ತುಳಿದು ನೋಡಿ ಅಂದಳು,
‘ಇನ್ ಮೇಲೆ ಇಲ್ಲಿ ಕಾಲಿಡು.’
ಆಮೇಲೆ, ‘ನೀರು ಹ್ಯಾಂಗದೆ ಅಂತ ಯಾವತ್ತು ಹೇಳ್ತೆ?’

ಹೇಳಿದೆ, ಮುಂದಿನ ವಾರ. ಒಳ್ಳೆಯ ಸುದ್ದಿಯಲ್ಲ.
ಕಲ್ಲನ್ನು ಮಾತ್ರ ಅವಳು ತೆಗೆದಿರಲಿಲ್ಲ.

ಈಗ ಮಾಜಾಳಿಯಲ್ಲಿ ಬಟ್ಟೆ ಒಗೆಯುವ ಕಲ್ಲು,
ಗೋಟೆಗಾಳಿಯಲ್ಲಿ ಶಾಲೆಯ ಮೊದಲ ಮೆಟ್ಟಿಲು.
ಬಾಬ್ನಿ ಕೇಳುತ್ತಾನೆ, ಶಾಕ್ ತಗ್ಗಿಸಲಾ,
ಸೀಟಿನ ಸ್ಪಂಜಾದರೂ ಕೊಯ್ಯಲಾ?
ಇರಲಿ ಅನ್ನುತ್ತೇನೆ. ಬಾಟಲಿಗಳಿಗೆ ಇದೇ ಹಿತ.

ಹಣಕೋಣದಲ್ಲಿ ಇನ್ನೂ ಕಲ್ಲು ಸಿಕ್ಕಿಲ್ಲ.
ಅಲ್ಲಿ ಬಾವಿಯ ಸುತ್ತ ಫಸ್ಟ್ ಗೇರಿನಲ್ಲಿ ಸುತ್ತುತ್ತ
ಯಾರಾದರೂ ಹೊರಗೆ ಬರಲೆಂದು ಹಾರ್ನ್ ಒತ್ತುತ್ತೇನೆ.
ಹಾರ್ನ್ ಒಂದನ್ನು ಬದಲಿಸಿಲ್ಲ.
ನೆಗಡಿಯಾದ ಹುಂಜದ ಹಾಗೆ ಕೂಗುತ್ತದೆ,
ಬಾಗಿಲು ತೆರೆಯುವವರು ನಗುತ್ತಲೇ ತೆರೆಯುತ್ತಾರೆ.